ಬೀಜ್ಲಿ ಆರ್ಕೈವ್‌ನ ಮಡಕೆ ದತ್ತಾಂಶಕೋಶ: ಚಿತ್ರಕ್ಕೆ ಸೈ, ಮಣ್ಣಿಗೆ ಸಾಲದು

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಈ ಆನ್‌ಲೈನ್ ಕೋಶದಲ್ಲಿ ಲಕ್ಷಕ್ಕೂ ಮೀರಿ ಪ್ರಾಚೀನ ಗ್ರೀಕ್ ಮಡಕೆಗಳ ದಾಖಲೆಯಿದೆ, ಬಹುಪಾಲು ಅಥೆನ್ಸ್‌ನವು. ದುಡ್ಡು ಕೊಡಬೇಕಿಲ್ಲ. ಆಕಾರ, ತಂತ್ರ, ಸಿಕ್ಕ ಜಾಗ, ಚಿತ್ರಕಾರ, ಈಗಿರುವ ಮ್ಯೂಸಿಯಂ, ಯಾವುದನ್ನು ಹಿಡಿದಾದರೂ ಹುಡುಕಬಹುದು. ಕಾಲದ ಕಲಮಿನಲ್ಲಿ ‘-550’ ಎಂದಿದ್ದರೆ ಕ್ರಿ.ಪೂ. 550 ಎಂದು ಓದಿಕೊಳ್ಳಿ.

ಎಡವುವುದು ‘ಫ್ಯಾಬ್ರಿಕ್’ ಕಲಮಿನಲ್ಲಿ. ಪ್ರಯೋಗಾಲಯದವರಿಗೆ ಫ್ಯಾಬ್ರಿಕ್ ಎಂದರೆ ಸುಟ್ಟ ಮಣ್ಣಿನ ಮೈ: ಬಣ್ಣ, ಮರಳುಕಾಳು, ಅಭ್ರಕ, ಸಣ್ಣ ರಂಧ್ರ. ಇಲ್ಲಿ ಸಿಗುವುದು ‘ಅಥೀನಿಯನ್’ ಎಂಬಂಥ ತಯಾರಿಕೆಯ ಊರು. ಆರ್ಕೈವ್‌ಗೆ ಹೆಸರು ಕೊಟ್ಟ ವಿದ್ವಾಂಸ ಜಾನ್ ಬೀಜ್ಲಿ (1885–1970) ಬೆಳೆಸಿದ ಪದ್ಧತಿಯೇ ಗೆರೆ ನೋಡಿ ಚಿತ್ರಕಾರನ ಕೈ ಗುರುತಿಸುವುದು. ಶೈಲಿ ನೋಡಿ ಹಾಕಿದ ಊರಿನ ಹೆಸರನ್ನೇ ಹಿಡಿದು ‘ಈ ಮಣ್ಣಿಗೆ ಈ ಶೈಲಿ’ ಎಂದು ಸಾಧಿಸಹೊರಟರೆ ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಷ್ಟೆ.

ಗ್ರೀಸಿನ ಇನ್ನೊಂದು ಊರಾದ ಕೊರಿಂತ್‌ನ ಮಡಕೆಗಳನ್ನೇ ನೋಡಿ. ಅಲ್ಲಿನ ಮಣ್ಣು ಸುಟ್ಟರೆ ತಿಳಿ ಹಳದಿ. ಅಥೆನ್ಸ್‌ನದು ಕಬ್ಬಿಣ ಹೆಚ್ಚಿದ್ದು, ಕಿತ್ತಳೆಗೆಂಪು. ಕ್ರಿ.ಪೂ. 6ನೇ ಶತಮಾನದಲ್ಲಿ ಅಥೆನ್ಸ್‌ನ ಮಾಲು ಮೇಲುಗೈ ಪಡೆದಾಗ ಕೊರಿಂತ್‌ನ ಕೆಲವು ಕುಂಬಾರರು ತಮ್ಮ ಬಿಳಿಚು ಮೈಗೆ ಕಿತ್ತಳೆ ಲೇಪ ಬಳಿದು ಚಿತ್ರ ಬರೆದರು. ಫೋಟೋ ನೋಡಿದರೆ ಮೋಸ ಹೋಗುತ್ತೀರಿ. ಒಡೆದ ಅಂಚಿನಲ್ಲಿ ಹಳದಿ ಇಣುಕುತ್ತದೆ.

ಅಥೆನ್ಸ್‌ನ ಮಡಕೆಗಳ ಮೇಲಿನ ಕರಿ ಹೊಳಪಿನದೂ ಇದೇ ಕಥೆ. ಅದು ಬಣ್ಣವಲ್ಲ, ನೀರಿನಲ್ಲಿ ತಿಳಿಯಾಗಿಸಿ ತೆಗೆದ ಅತಿ ನುಣುಪಾದ ಜೇಡಿ. ಆವಿಗೆಗೆ ಮೊದಲು ಗಾಳಿ ಬಿಡುತ್ತಾರೆ. ಆಮೇಲೆ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿ ಮುಚ್ಚಿ ಹೊಗೆ ತುಂಬಿಸಿದರೆ ಪೂರಾ ಮಡಕೆ ಕಪ್ಪಾಗುತ್ತದೆ, ಲೇಪ ಗಾಜುಗಟ್ಟುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ ರಂಧ್ರವಿರುವ ಮೈ ಕೆಂಪಿಗೆ ಮರಳುತ್ತದೆ, ಗಾಜುಗಟ್ಟಿದ ಲೇಪದೊಳಗೆ ಆಮ್ಲಜನಕ ನುಗ್ಗಲಾರದು, ಹಾಗಾಗಿ ಅದು ಕಪ್ಪಾಗಿಯೇ ಉಳಿಯುತ್ತದೆ. ಲೇಪ ತೆಳುವಾಗಿದ್ದರೆ, ಅಥವಾ ಒಂದರ ಮೇಲೊಂದು ಪೇರಿಸಿದ ಕಡೆ ಹೊಗೆ ತಲುಪದಿದ್ದರೆ, ಕಪ್ಪಿನ ನಡುವೆ ಕೆಂಪು ಮಚ್ಚೆ ಉಳಿಯುತ್ತದೆ. ಅದು ಸುಡುವಾಗಿನ ಎಡವಟ್ಟು, ಬೇರೆ ಊರಿನ ಮಣ್ಣಲ್ಲ. ಇಂಥದ್ದನ್ನು ಹಾಕಲು ಕೋಶದಲ್ಲಿ ಪ್ರತ್ಯೇಕ ಕಲಮಿಲ್ಲ.

ಹಾಗಾಗಿ ಇಲ್ಲಿಂದ ದಾಖಲೆ ಸಂಖ್ಯೆ, ಮ್ಯೂಸಿಯಂ ಸಂಖ್ಯೆ ಬರೆದುಕೊಂಡು ಮಡಕೆಯ ಬಳಿಗೇ ಹೋಗುವುದು ಲೇಸು. 10 ಪಟ್ಟಿನ ಭೂತಗನ್ನಡಿ, ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪಟ್ಟಿ ಜೊತೆಗಿರಲಿ. ಅಂಚಿಗೆ ರಿಪೇರಿಯವರು ಬಣ್ಣ ಬಳಿದಿದ್ದಾರೆಯೇ ಎಂದು ಮೊದಲು ನೋಡಿ. ಒರಟು ಮಡಕೆಯಾದರೆ 0.03 ಮಿ.ಮೀ. ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಕಲ್ಲಿನ ಗುರುತು ಸಿಗುತ್ತದೆ. ಅಥೆನ್ಸ್‌ನ ನಯ ಮಣ್ಣಿನಲ್ಲಿ ಗುರುತಿಸಲು ಕಾಳೇ ಕಡಿಮೆ. ಅದಕ್ಕೆ ಮಣ್ಣಿನಲ್ಲಿರುವ ಧಾತುಗಳನ್ನು ಅಳೆಯುವ ನ್ಯೂಟ್ರಾನ್ ವಿಶ್ಲೇಷಣೆಯಂಥ ರಾಸಾಯನಿಕ ಪರೀಕ್ಷೆಯೇ ಬೇಕು.