ಟ್ಯಾಲಿಪ್ರೈಮ್: ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರೂವರೆ ವರ್ಷ ಬಳಸಿದ ಮೇಲೆ

ತಿಪಟೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಸಿಮೆಂಟು, ಪೈಪು, ಡ್ರಿಪ್ ಸಾಮಾನು, ಮೊಳೆ, ಬಣ್ಣ ಎಲ್ಲ ಮಾರುತ್ತೇವೆ. 2022ರ ಏಪ್ರಿಲ್ 1ರಿಂದ ಅಂಗಡಿ ಲೆಕ್ಕ ಇಡುವ ಸಾಫ್ಟ್‌ವೇರ್ ಆದ ಟ್ಯಾಲಿಪ್ರೈಮ್‌ನಲ್ಲೇ ಬಿಲ್. ಚೆನ್ನಾಗಿ ನಡೆಯುತ್ತಿದೆ, ಧೈರ್ಯವಾಗಿ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಬೇರೊಂದು ಸಾಫ್ಟ್‌ವೇರ್ ಕೊಂಡು ಎರಡೇ ತಿಂಗಳಿಗೆ ಕೈಬಿಟ್ಟಿದ್ದೆವು. ಆ ಕಥೆ ಹೇಳದಿದ್ದರೆ ಈ ವಿಮರ್ಶೆಯಿಂದ ನಿಮಗೆ ಏನೂ ಸಿಗಲ್ಲ.

ಆಗ ದೀಪಾವಳಿಗೆ ಹದಿನೈದು ದಿನ ಇತ್ತು. ಬಿಲ್, ಸ್ಟಾಕ್, ಬಾರ್‌ಕೋಡ್, ಹುಡುಗರ ಹಾಜರಿ, ಎಲ್ಲವನ್ನೂ ಒಂದೇ ದಿನ ಶುರು ಮಾಡಿದೆವು. ಐಟಂ ಹೆಸರುಗಳನ್ನು ಕಂಪನಿಯ ರೇಟ್ ಲಿಸ್ಟ್‌ನಿಂದ ಹಾಗೇ ತುಂಬಿಸಿದ್ದೆ. ಎಲ್ಬೋ ಅಂದರೆ ಪೈಪ್ ತಿರುಗಿಸುವ ಜೋಡಣೆ. ಗಿರಾಕಿ ಬಂದು "ಅರ್ಧ ಇಂಚಿನ ಎಲ್ಬೋ ಹತ್ತು ಕೊಡಿ" ಅಂದರೆ ಕಂಪ್ಯೂಟರ್‌ನಲ್ಲಿ ಅದು "ಎಲ್ಬೋ 15 ಎಂಎಂ". ಇಪ್ಪತ್ತು ವರ್ಷದಿಂದ ಕೌಂಟರ್ ನೋಡಿಕೊಳ್ಳುವ ನಮ್ಮಣ್ಣನಿಗೆ (ಒಡಹುಟ್ಟಿದವರಲ್ಲ, ಕೆಲಸಕ್ಕೆ ಬಂದವರು, ಆದರೆ ಎಲ್ಲರಿಗೂ ಅಣ್ಣನೇ) ಅದು ಸಿಗಲಿಲ್ಲ, ಹಿಂದೆ ನಾಲ್ಕು ಜನ ನಿಂತಿದ್ದರು, ಅವರು ಹೊಸ ಐಟಂ ಒಂದನ್ನು ಸೇರಿಸಿ ಬಿಲ್ ಮಾಡಿದರು. ಹೀಗೆ ಒಂದು ಎಲ್ಬೋ ಮೂರು ಐಟಂ ಆಯಿತು. ಒಂದರಲ್ಲಿ ಸ್ಟಾಕ್ ಮೈನಸ್, ಇನ್ನೊಂದರಲ್ಲಿ ಮುಟ್ಟದೇ ಇರೋ ಡಬ್ಬಿ. ಒಂದು ವಾರದಲ್ಲಿ ಮೇಜಿನ ಕೆಳಗಿಂದ ಹಳೇ ಬಿಲ್ ಪುಸ್ತಕ ಹೊರಗೆ ಬಂತು. ಅರ್ಧ ಲೆಕ್ಕ ಅಲ್ಲಿ, ಅರ್ಧ ಇಲ್ಲಿ. ಎರಡನ್ನೂ ನಂಬುವ ಹಾಗಿರಲಿಲ್ಲ.

ಎರಡನೇ ಸಲ, ಟ್ಯಾಲಿಪ್ರೈಮ್ ಶುರು ಮಾಡುವ ಮುಂಚೆ, ಮಾರ್ಚ್ ತಿಂಗಳಿಡೀ ತಯಾರಿಗೇ ಇಟ್ಟೆ. ರಾತ್ರಿ ಶಟರ್ ಎಳೆದ ಮೇಲೆ ಅಣ್ಣ ಒಂದೊಂದೇ ಡಬ್ಬಿ ತೋರಿಸಿ ಹೆಸರು ಹೇಳುತ್ತಿದ್ದರು, ನಾನು ಅದನ್ನೇ ಟೈಪ್ ಮಾಡುತ್ತಿದ್ದೆ. ಕಂಪನಿ ಇಟ್ಟ ಹೆಸರನ್ನು ಅಲಿಯಾಸ್ (ಅದೇ ಐಟಂನ ಇನ್ನೊಂದು ಹೆಸರು) ಜಾಗದಲ್ಲಿ ಹಾಕಿದೆ, ಖರೀದಿ ಬಿಲ್ ಬಂದಾಗ ಹುಡುಕಲು ಅದು ಬೇಕು. ಮೊದಲಿಗೆ ದಿನಾ ಓಡುವ ಮುನ್ನೂರು ಐಟಂ ಮಾತ್ರ. ಉಳಿದದ್ದು ಮಾರಾಟ ಆದ ಹಾಗೆ ಸೇರಿಸಿಕೊಂಡೆವು. ಅಣ್ಣ ಮೊದಲು ಕಲಿತದ್ದು ಎರಡೇ ಕೀ: ಮಾರಾಟಕ್ಕೆ ಎಫ್8, ದುಡ್ಡು ಬಂದರೆ ಎಫ್6. ಹೆಸರು ಅವರದೇ ಆಗಿದ್ದರಿಂದ ಹುಡುಕುವ ತೊಂದರೆಯೇ ಬರಲಿಲ್ಲ. ನಾಲ್ಕನೇ ದಿನಕ್ಕೆ ಬೆರಳು ತಾನಾಗೇ ಓಡುತ್ತಿತ್ತು.

ಯೂನಿಟ್, ಅಂದರೆ ಯಾವ ಐಟಂ ಯಾವ ಅಳತೆಯಲ್ಲಿ ಅನ್ನೋದನ್ನು, ಮೊದಲೇ ಸರಿ ಮಾಡಿಕೊಳ್ಳಿ. ಪೈಪ್ ನಮಗೆ ಬರೋದು ಲೆಂತ್ ಲೆಕ್ಕದಲ್ಲಿ, 20 ಅಡಿಗೆ ಒಂದು. ರೈತ ಕೇಳೋದು ಏಳು ಅಡಿ. ಬಿಲ್ ಶುರುವಾದ ಮೇಲೆ ಇದನ್ನು ತಿದ್ದೋದು ಕಷ್ಟ.

ಉದ್ರಿ ಲೆಕ್ಕಕ್ಕೆ ಜಾಸ್ತಿ ಸಮಯ ಕೊಟ್ಟೆ, ಕೊಟ್ಟದ್ದು ಒಳ್ಳೇದಾಯಿತು. ನಮ್ಮ ಕಡೆ "ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ" ಅನ್ನೋದೇ ಅರ್ಧ ವ್ಯಾಪಾರ ಅಲ್ವಾ. ಒಬ್ಬೊಬ್ಬರ ಹೆಸರಿಗೆ ಒಟ್ಟು ಮೊತ್ತ ಹಾಕಿ ಮುಗಿಸದೆ, ಬಾಕಿ ಇದ್ದ ಒಂದೊಂದು ಬಿಲ್ಲನ್ನೂ ತಾರೀಖಿನ ಸಮೇತ ಹಾಕಿದೆ. ಹಾಕುವ ಮುಂಚೆ ಫೋನ್ ಮಾಡಿ "ನಮ್ಮ ಪುಸ್ತಕದಲ್ಲಿ ಇಷ್ಟಿದೆ, ಸರೀನಾ?" ಅಂತ ಕೇಳಿದೆ. ಕೆಲವರ ಲೆಕ್ಕ ನಮ್ಮದೇ ತಪ್ಪಾಗಿತ್ತು, ತಿದ್ದಿದೆ. ಈಗ ಯಾರ ಬಾಕಿ ಎಷ್ಟು ದಿನದ್ದು ಅನ್ನೋದು ಒಂದೇ ನೋಟಕ್ಕೆ ಕಾಣುತ್ತದೆ, ಜಗಳ ಇಲ್ಲ.

ತೆರಿಗೆ ದರವನ್ನು ಒಂದೊಂದು ಐಟಂಗೆ ಹಾಕದೆ, ಒಂದೇ ಥರದ ಐಟಂಗಳ ಗುಂಪಿಗೆ ಹಾಕಿದ್ದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಯಿತು, ಸಿಮೆಂಟು ಶೇಕಡಾ 28ರಿಂದ 18ಕ್ಕೆ, ಡ್ರಿಪ್ ಸಾಮಾನು 12ರಿಂದ 5ಕ್ಕೆ ಇಳಿಯಿತು. ಎರಡು ಗುಂಪಿನಲ್ಲಿ ತಾರೀಖು ಹಾಕಿ ದರ ಬದಲಾಯಿಸಿದೆ, ಬೆಳಿಗ್ಗೆ ಅಂಗಡಿ ಎಂದಿನಂತೆ ತೆರೆದೆವು.

ನಮ್ಮದು ಸಿಲ್ವರ್ ಲೈಸೆನ್ಸ್, ಒಂದು ಸಲಕ್ಕೆ ಒಬ್ಬರೇ ಬಳಸೋದು. ಎರಡು ಕೌಂಟರ್ ಇದ್ದರೆ ಗೋಲ್ಡ್ ಬೇಕು. ಡೇಟಾ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಹಾಗಾಗಿ ಬ್ಯಾಕಪ್ ನಿಮ್ಮ ಕೆಲಸ. ನಾನು ದಿನಾ ರಾತ್ರಿ ಪೆನ್‌ಡ್ರೈವ್‌ಗೆ ತೆಗೆದು ಮನೆಗೆ ಒಯ್ಯುತ್ತೇನೆ.

ಮೊಳೆ, ಬೈಂಡಿಂಗ್ ವೈರ್ ಸ್ಟಾಕ್ ಮಾತ್ರ ಈಗಲೂ ಪೂರ್ತಿ ತಾಳೆ ಆಗಲ್ಲ. ತೂಗುವಾಗ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗೇ ಆಗುತ್ತದೆ. ತಿಂಗಳಿಗೊಂದು ಭಾನುವಾರ ಎಲ್ಲ ತೂಗಿ ಸರಿ ಮಾಡುತ್ತೇವೆ.