ಕಲಬುರಗಿಯಲ್ಲಿ ಹೊಲದ ಕಾಗದಪತ್ರ ಓದಿಸಿದ ಅನುಭವ

ಆಳಂದ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಎರಡು ಎಕರೆ ತೊಗರಿ ಹೊಲ ಕೊಳ್ಳಲು ಹೊರಟಾಗ, ಮುಂಗಡ ಕೊಡುವ ಮೊದಲು ಕಾಗದಪತ್ರಗಳನ್ನು ಕಲಬುರಗಿಯ ಒಬ್ಬ ಹಿರಿಯ ವಕೀಲರಲ್ಲಿ ಪರಿಶೀಲನೆಗೆ ಕೊಟ್ಟೆವು. ವಕೀಲರು ಪ್ರಚಾರ ಪಡೆಯುವುದನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪದ ಕಾರಣ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮಧ್ಯವರ್ತಿ ನಮಗೆ ತೋರಿಸಿದ್ದು ಈಚಿನ ಪಹಣಿ ಮತ್ತು ಹದಿನೈದು ವರ್ಷಗಳ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ಮಾತ್ರ, ಎರಡರಲ್ಲೂ ತಕರಾರು ಕಾಣಲಿಲ್ಲ. ಪಹಣಿಯು ಹಕ್ಕುಪತ್ರವಲ್ಲ, ನೋಂದಣಿಯಾಗದ ವ್ಯವಹಾರ ಇಸಿಗೆ ಬರುವುದೇ ಇಲ್ಲ ಎಂದು ವಕೀಲರು ಮೊದಲ ದಿನವೇ ತಿಳಿಸಿ, 1954-55ರ ಖಾಸ್ರಾ ಪಹಣಿ ಎಂಬ ಹಳೆಯ ಜಮೀನು ದಾಖಲೆಯ ನಕಲು ತರಿಸಿದರು. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಆ ಹಾಳೆ ಉರ್ದುವಿನಲ್ಲಿತ್ತು. ಅದನ್ನು ಓದಲು ಬಲ್ಲ ನಿವೃತ್ತ ನೌಕರರೊಬ್ಬರನ್ನು ಅವರೇ ಕರೆಸಿ, ಒಂದೊಂದು ಕಾಲಮನ್ನೂ ಓದಿಸುತ್ತ, ಪಕ್ಕದ ಹಾಳೆಯಲ್ಲಿ ಪೆನ್ಸಿಲಿನಿಂದ ಮಾರುವವರ ವಂಶವೃಕ್ಷ ಬರೆಯುತ್ತ ಹೋದರು.

ಆ ವಂಶವೃಕ್ಷದಲ್ಲಿಯೇ ವಿಷಯ ಬಯಲಾಯಿತು. ಹೊಲವು ಮಾರುವವರ ತಂದೆಗೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವ ಮೊದಲೇ, ಅವರ ತಂದೆಯಿಂದ ಬಂದ ಪಿತ್ರಾರ್ಜಿತ ಆಸ್ತಿಯಾಗಿತ್ತು. ಮಾರುವವರ ತಂದೆಗೆ ಇಬ್ಬರು ಗಂಡುಮಕ್ಕಳ ಜೊತೆ ಇಬ್ಬರು ಹೆಣ್ಣುಮಕ್ಕಳೂ ಇದ್ದರೂ ಫೌತಿ ಮುಟೇಷನ್ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಗಂಡುಮಕ್ಕಳ ಹೆಸರಿಗೆ ಮಾತ್ರ ಆಗಿತ್ತು. ಹಿಂದೆಯೇ ಬಾಯಿಮಾತಿನ ವಾಟ್ನಿ (ಪಾಲು ಹಂಚಿಕೆ) ಆಗಿದೆ ಎಂಬುದು ಅಣ್ಣತಮ್ಮಂದಿರ ಉತ್ತರ. ಅದೇ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳಿಗೂ ಹುಟ್ಟಿನಿಂದಲೇ ಪಾಲುಂಟು, ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ತಪ್ಪುವುದಿಲ್ಲ, ಮತ್ತು ಸರ್ಕಾರಿ ದಾಖಲೆಯ ಬಲವಿಲ್ಲದ ಬಾಯಿಮಾತಿನ ಹಂಚಿಕೆಯನ್ನು ಸುಲಭವಾಗಿ ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿರುವುದನ್ನು ವಕೀಲರು ನಮಗೆ ಸಾವಕಾಶವಾಗಿ ಬಿಡಿಸಿ ಹೇಳಿದರು. ಅಕ್ಕತಂಗಿಯರಿಬ್ಬರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಮಾಡಿದರೆ ಮಾತ್ರ ಕೊಳ್ಳಿ ಎಂಬುದು ಅವರ ಸಲಹೆ. ಸಹಿ ಕೇಳಲು ಹೋದಾಗ, ಹುಮನಾಬಾದಿಗೆ ಮದುವೆಯಾಗಿ ಹೋದ ಹಿರಿಯಕ್ಕನಿಗೆ ಹೊಲ ಮಾರಾಟಕ್ಕಿರುವ ಸುದ್ದಿಯೇ ಗೊತ್ತಿರಲಿಲ್ಲ. ಅವರು ಒಪ್ಪಲಿಲ್ಲ, ನಾವೂ ಕೊಳ್ಳಲಿಲ್ಲ. ಆ ತಾಯಿಯ ಪಾಲಿನ ಮೇಲೆ ನಮ್ಮ ಹೆಸರು ಕೂರುವುದು ತಪ್ಪಿತಲ್ಲ ಎಂಬ ಸಮಾಧಾನ, ಹಣ ಉಳಿದ ಸಮಾಧಾನಕ್ಕಿಂತ ದೊಡ್ಡದು.

ಕೊರತೆಗಳನ್ನೂ ಹೇಳಬೇಕು. ಕೆಲಸಕ್ಕೆ ಆರು ವಾರ ಹಿಡಿಯಿತು, ನಡುವೆ ಫೋನ್ ಮಾಡಿದರೆ ಸಿಗುವುದು ಕಷ್ಟ. ಹನ್ನೆರಡು ಸಾವಿರ ರೂಪಾಯಿ ಶುಲ್ಕ ನನಗೆ ಹೆಚ್ಚೆನಿಸಲಿಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಹಣ ಹಾಕುತ್ತಿದ್ದ ನಮ್ಮ ತಂದೆಗೆ ಅದನ್ನು ಓದಲು ಬರುವುದಿಲ್ಲ. ಕೇಳಿದ ಮೇಲೆ ವಕೀಲರು ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲಿ ಕೈಯಾರೆ ಬರೆದು ಕೊಟ್ಟರು. ಕೇಳದಿದ್ದರೂ ಎಲ್ಲರಿಗೂ ಅದು ಸಿಗುವಂತಾಗಬೇಕು.