ಸೀಬೆಗೆ ಬಟ್ಟೆಯ ಚೀಲ: ನೊಣಕ್ಕೆ ತಡೆ, ಅಳಿಲಿಗೆ ಆಟ

ಹಣ್ಣಿಗೆ ತೊಡಿಸಿ ದಾರ ಎಳೆದು ಬಿಗಿಯುವ ನಾನ್‌ವೋವನ್ (ನೇಯದ ತೆಳು ಬಟ್ಟೆಯ) ಚೀಲ ಸೀಬೆ ಗಿಡಕ್ಕೆ ಕೊಟ್ಟ ಕಾಸಿಗೆ ಮೋಸವಿಲ್ಲದ ವಸ್ತು. ಆದರೆ ಯಾವಾಗ ಕಟ್ಟುತ್ತೀರಿ ಅನ್ನೋದರಲ್ಲೇ ಎಲ್ಲ ಇದೆ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗಲೇ ತೊಡಿಸಬೇಕು. ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಹಣ್ಣಿನ ನೊಣ ಆಗಲೇ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚಿರುತ್ತದೆ. ಚೀಲ ಬಿಚ್ಚಿದಾಗ ಸಿಗುವುದು ಮೆತ್ತಗಾದ, ಹುಳ ಬಿದ್ದ ಹಣ್ಣು.

ಸೀಬೆಗೆ 6×8 ಇಂಚು ಸಾಕು, ಸೀತಾಫಲಕ್ಕೆ 8×10 ತಗೊಳ್ಳಿ. ಕಟ್ಟುವ ಮುಂಚೆ ಕಾಯಿಯ ತುದಿಗೆ ಅಂಟಿದ ಒಣ ಹೂ ಉದುರಿಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಿಂಪಡಿಸಿ, ಪೂರ್ತಿ ಒಣಗಲು ಬಿಡಿ. ಇಲ್ಲವಾದರೆ ಒಳಗೇ ಉಳಿದ ಹಿಟ್ಟು ತಿಗಣೆಗೆ (ಮೈಮೇಲೆ ಬಿಳಿ ಹಿಟ್ಟಿನಂಥ ಪುಡಿಯಿರುವ ರಸ ಹೀರುವ ಕೀಟ) ನೀವೇ ನೆರಳಿನ ಮನೆ ಕಟ್ಟಿಕೊಟ್ಟಂತೆ. ದಾರವನ್ನು ತೊಟ್ಟಿಗಲ್ಲ, ಕಾಯಿ ಹಿಡಿದಿರುವ ಕೊಂಬೆಗೆ ಬಿಗಿಯಿರಿ. ಗಾಳಿಗೆ ತೊಟ್ಟು ಮುರಿಯೋದು ಹೀಗೆ ತಪ್ಪುತ್ತದೆ.

ಪಿಕಳಾರ, ಗಿಳಿಗಳ ಕಾಟ ಕಡಿಮೆಯಾಗುತ್ತದೆ. ಅಳಿಲು ಮಾತ್ರ ಬಟ್ಟೆಯನ್ನೇ ಕಚ್ಚಿ ಹರಿಯುತ್ತದೆ, ಅದಕ್ಕೆ ಇದು ಲೆಕ್ಕಕ್ಕಿಲ್ಲ. ಹಾಗಂತ ಗಿಡಕ್ಕೆ ತೆಳು ನೈಲಾನ್ ಬಲೆ ಹೊದಿಸಬೇಡಿ: ರಾತ್ರಿ ಬಾವಲಿ, ಬುಡದಲ್ಲಿ ಕೇರೆ ಹಾವು ಸಿಕ್ಕಿ ಸಾಯುತ್ತವೆ. ತುದಿಕೊಂಬೆಯ ನಾಲ್ಕಾರು ಹಣ್ಣು ಅಳಿಲಿಗೇ ಬಿಟ್ಟರಾಯಿತು.

ಬಾಳಿಕೆಯೇ ಇದರ ದೊಡ್ಡ ಕೊರತೆ. ಬಿಸಿಲಿಗೆ ಬಟ್ಟೆ ಪುಡಿಪುಡಿಯಾಗಿ ಉದುರುತ್ತದೆ, ಎರಡನೇ ಫಸಲಿಗೆ ನಂಬುವ ಹಾಗಿಲ್ಲ.